ಬೋಳು ಬಲ್ಬಿಗೆ ನೆರಿಗೆಯ ಅಂಗಿ

ಜೂನ್ ೪

ಪ್ರೀತಿಯ ಗುಂಡುಸೂಜಿಗೆ, ಅತ್ತಿಗೆಯ ಆಶೀರ್ವಾದ.

ಎಲ್ಲರೂ ಚೆನ್ನಾಗಿದ್ದೇವೆ ಅಂತ ಮೊದಲ ಸಾಲಿನಲ್ಲಿ ಬರೆಯಬೇಕು, ಬರೆದಿದ್ದೇನೆ. ಇನ್ನು ನಿಜ ಬರೆಯುತ್ತೇನೆ. ನನ್ನ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಗೆ ಬಾಯಿಟ್ಟು ಕೂಗಿದರೆ ಕೇಳುತ್ತದೆ, ಆದರೆ ಫೋನಿನಲ್ಲಿ ಮಾತಿನ ಬದಲು ನೀರು ಕುದಿಯುವ ಸದ್ದು ಬರುತ್ತದೆ. ಮೊನ್ನೆ ನೀನು ಫೋನ್ ಮಾಡಿದಾಗ ಹೂಂ ಹೂಂ ಅಂದದ್ದು ಅದಕ್ಕೇ. ನೀನು ಏನು ಕೇಳಿದೆಯೋ, ನಾನು ಯಾವುದಕ್ಕೆ ಹೂಂ ಅಂದೆನೋ, ಯೋಚಿಸಿದರೆ ಊಟ ಸೇರುವುದಿಲ್ಲ. ನಿನ್ನ ಅಣ್ಣನ ಕೈಗೆ ಕೊಡಲು ಹೋದರೆ, ಬಾಯಲ್ಲಿ ಸೂಜಿ ಇದೆ ಅಂತ ಸನ್ನೆ ಮಾಡಿ ಎದ್ದು ಹೋದರು. ಬಾಯಲ್ಲಿ ಸೂಜಿ ಇರಲಿಲ್ಲ. ನಾನು ನೋಡಿದೆ. ಆದ್ದರಿಂದ ಇನ್ನು ಮೇಲೆ ಪತ್ರವೇ ಗತಿ. ನಾನು ಓದನ್ನು ಅರ್ಧಕ್ಕೆ ಬಿಟ್ಟವಳು, ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು, ನಿನ್ನ ಹಾಸ್ಟೆಲಿನವರಿಗೆ ತೋರಿಸಿ ನಗಬೇಡ.

ಈಗ ವಿಷಯ. ನಿನ್ನ ಕೋಣೆಯ ಬಲ್ಬು ಇನ್ನೂ ಬೋಳಾಗಿಯೇ ನೇತಾಡುತ್ತಿದೆ. ‘ಇದರ ಕೆಳಗೆ ಮಲಗಿದ್ರೆ ಆಪರೇಷನ್ ಟೇಬಲ್ ಮೇಲೆ ಮಲಗಿದ ಹಾಗಿರುತ್ತೆ ಅತ್ತಿಗೆ’ ಅಂತ ಎಷ್ಟು ಸಲ ಅಂದಿದ್ದೆ ನೀನು. ಆಗಸ್ಟಿನಲ್ಲಿ ನಿನಗೆ ರಜೆ ಇದೆಯಲ್ಲ. ಅಷ್ಟರೊಳಗೆ ನನ್ನ ಕೈಯಾರೆ ಒಂದು ಕಾಗದದ ಲ್ಯಾಂಪ್ ಶೇಡ್ ಮಾಡಿ ಅದಕ್ಕೆ ತೊಡಿಸಬೇಕು ಅಂತ ಮನಸ್ಸು ಮಾಡಿದ್ದೇನೆ. ನಿನ್ನ ಮಕ್ಕಳ ವಾರ್ಡಿಗೆ ನೀನು ಅಂಥದ್ದು ಮಾಡಿ ಹಾಕಿದ್ದೀಯಂತಲ್ಲ, ಹೇಗೆ ಅಂತ ಬಿಡಿಸಿ ಬರೆ. ಆದರೆ ನನಗೆ ಒಂದು ಭಯ. ಹೊರಗೆ ಕಾಗದ, ಒಳಗೆ ಉರಿಯುವ ಬಲ್ಬು. ಬೆಂಕಿಯನ್ನು ನಾವೇ ಕರೆದು ಕೂರಿಸಿದ ಹಾಗಾಗುವುದಿಲ್ಲವೇ? ಮನೆ ತುಂಬ ಬಟ್ಟೆ, ಅದೂ ಊರವರ ಬಟ್ಟೆ. ಶಾಲೆಯ ಯೂನಿಫಾರಂ ಸ್ಕರ್ಟುಗಳು ಗೋಡೆಯೆತ್ತರ ಬಿದ್ದಿವೆ. ಹೊತ್ತಿಕೊಂಡರೆ ಯಾವ ಮುಖ ಇಟ್ಟುಕೊಂಡು ಹೆಡ್ಮಿಸ್ಟ್ರೆಸ್ ಮುಂದೆ ನಿಲ್ಲುವುದು?

ನೀನು ಹೊರಟ ದಿನ ನಿನ್ನ ಅಣ್ಣ ‘ಹೋಗೋದು ನಿನ್ನಿಷ್ಟ. ಬಾ ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ’ ಅಂದದ್ದು ನನಗೂ ಮರೆತಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಅಂಚು ಹೊಲಿದವಳು ಅಂಗಡಿ ಬಿಟ್ಟು ದೂರದ ಆಸ್ಪತ್ರೆಗೆ ನರ್ಸಾಗಿ ಹೋಗುತ್ತೇನೆ ಅಂದರೆ ಅವರಿಗೂ ಕೈ ಮುರಿದ ಹಾಗಾಗಿರಬೇಕು. ನೀನೇನು ಕಡಿಮೆಯೇ, ‘ಕರೀದೆ ನಾನೂ ಬರಲ್ಲ’ ಅಂದೆ. ಇಬ್ಬರೂ ಒಂದೇ ಥಾನಿನ ಬಟ್ಟೆ. ಅದೆಲ್ಲ ಬಿಡು. ನಾನು ಕರೆಯುತ್ತಿದ್ದೇನೆ, ಬಾ.

ನಿನ್ನ ಅತ್ತಿಗೆ

ಜೂನ್ ೧೧

ಅತ್ತಿಗೆ,

ನೀವು ಹೂಂ ಅಂದದ್ದು ಯಾವುದಕ್ಕೆ ಗೊತ್ತೇ? ‘ಅಣ್ಣ ನನ್ನನ್ನು ನೆನಸಿಕೊಳ್ಳುತ್ತಾನಾ’ ಅಂತ ಕೇಳಿದ್ದೆ. ಎರಡು ದಿನ ಖುಷಿಯಾಗಿದ್ದೆ. ಈಗ ತಿಳಿಯಿತು, ಅದು ಕುದಿಯುವ ನೀರಿಗೆ ಅಂದ ಹೂಂ.

ಕಿವಿ ಡಾಕ್ಟರಿಗೆ ತೋರಿಸಿ. ಹೇರ್‌ಪಿನ್ ಹಾಕಿ ಕೆರೆದುಕೊಳ್ಳಬೇಡಿ, ನನಗೆ ನಿಮ್ಮ ಅಭ್ಯಾಸ ಗೊತ್ತು.

ಶೇಡ್ ಮಾಡುವುದು ಕಷ್ಟವಲ್ಲ. ದಪ್ಪ ತಂತಿಯ ಎರಡು ಬಳೆ ಮಾಡಿಕೊಳ್ಳಿ, ಮೇಲಿನದು ಎಂಟು ಇಂಚು, ಕೆಳಗಿನದು ಹನ್ನೆರಡು. ಮೇಲಿನ ಬಳೆಯ ನಡುವೆ ಒಂದು ಚಿಕ್ಕ ಬಳೆ ಬರಬೇಕು, ಅದು ಹೋಲ್ಡರಿನ ಕತ್ತಿಗೆ ಕೂರುವುದು. ಸ್ವಲ್ಪ ದಪ್ಪ ಕಾಗದ ತಂದು ಬೀಸಣಿಗೆಯ ಹಾಗೆ ಮಡಿಸುತ್ತಾ ಹೋಗಿ, ಒಂದು ಮಡಿಕೆ ಹಿಂದಕ್ಕೆ, ಒಂದು ಮುಂದಕ್ಕೆ. ಮೇಲಿನ ತುದಿಯಲ್ಲಿ ತೂತು ಮಾಡಿ ದಾರ ಪೋಣಿಸಿ ಎಳೆದರೆ ತಾನೇ ದುಂಡಗಾಗುತ್ತದೆ. ಆಮೇಲೆ ಬಳೆಗಳಿಗೆ ಅಂಟಿಸಿ. ಎಲ್‌ಇಡಿ ಬಲ್ಬು ಹಾಕಿ, ಅದು ಹೆಚ್ಚು ಬಿಸಿಯಾಗುವುದಿಲ್ಲ. ಕಾಗದ ಬಲ್ಬಿಗೆ ತಾಕದೆ ನಾಲ್ಕು ಬೆರಳು ದೂರ ಇದ್ದರೆ ಸಾಕು. ಬೆಂಕಿಯೂ ಇಲ್ಲ, ಹೆಡ್ಮಿಸ್ಟ್ರೆಸ್ಸೂ ಇಲ್ಲ.

ನೀವು ಕರೆದಿರಿ, ನಿಮ್ಮ ದೊಡ್ಡ ಮನಸ್ಸು. ಆದರೆ ನೀವು ಕರೆದರೆ ನೀವು ಕರೆದ ಹಾಗಾಯಿತು ಅಷ್ಟೇ. ಅಣ್ಣ ಕರೆಯಲಿ. ಒಂದೇ ಒಂದು ಅಕ್ಷರ, ಬಾಯಿ ನೋಯುವುದಿಲ್ಲ.

ನನ್ನ ಕೋಣೆ ಹೇಗಿದೆ? ಯಾರಾದರೂ ಮಲಗುತ್ತಾರೆಯೇ?

ಗುಂಡುಸೂಜಿ

ಜೂನ್ ೨೦

ಗುಂಡುಸೂಜಿಗೆ,

ನೀನು ಬೇಕಂತಲೇ ಹೀಗೆ ಮಾಡಿದೆಯೋ, ಗೊತ್ತಿಲ್ಲದೆ ಮಾಡಿದೆಯೋ?

ನೀನು ಬರೆದದ್ದನ್ನು ಅಕ್ಷರ ಬಿಡದೆ ಪಾಲಿಸಿದೆ. ನಿನ್ನ ಅಣ್ಣನ ಅಳತೆ ಟೇಪು ಕದ್ದು ತಂದು ತಂತಿಗೆ ಹಿಡಿದೆ. ಮೇಲೆ ಎಂಟು, ಕೆಳಗೆ ಹನ್ನೆರಡು. ಎಂಟು ಇಂಚಿಗೆ ಕತ್ತರಿಸಿ ಬಾಗಿಸಿದೆ, ಹನ್ನೆರಡು ಇಂಚಿಗೆ ಕತ್ತರಿಸಿ ಬಾಗಿಸಿದೆ. ಚಿಕ್ಕದಾಯಿತಲ್ಲ ಅಂತ ಮನಸ್ಸಿಗೆ ಬಂತು. ಆದರೂ ಓದಿದವಳು ಬರೆದದ್ದು, ಕಾಗದ ಸುತ್ತಿದ ಮೇಲೆ ಅಗಲವಾಗಬಹುದು ಅಂದುಕೊಂಡೆ. ಹೂವಿನ ಚಿತ್ರದ ಕಾಗದ ತಂದಿದ್ದೆ, ಅಂಗಡಿಯವನು ‘ಮದುವೆ ಪತ್ರಿಕೆಗಾ ಅಮ್ಮಾ’ ಅಂತ ಕೇಳಿದ, ಅಷ್ಟು ಚೆಂದದ್ದು. ಮಡಿಸಿದೆ, ಪೋಣಿಸಿದೆ, ಅಂಟಿಸಿದೆ, ಬೆನ್ನು ಹಿಡಿದುಕೊಂಡಿತು. ಎತ್ತಿ ನೋಡಿದರೆ ಲೋಟಕ್ಕೆ ಮುಚ್ಚಳ! ಬಲ್ಬು ಅದರೊಳಗೆ ಹೋಗುವುದಿರಲಿ, ಬಲ್ಬಿನ ತಲೆಯ ಮೇಲೆ ಕೂರುತ್ತದೆ.

ಅಷ್ಟರಲ್ಲಿ ಅವರು ಒಳಗೆ ಬಂದರು.

‘ಏನೇ ಅದು?’ ಅಂದರು, ಕಿವಿಯ ಹತ್ತಿರ ಬಂದು.

‘ಬಲ್ಬಿಗೆ ಶೇಡು.’

‘ನನಗೆ ಟೋಪಿ ಹಾಕಿದ್ದು ಸಾಲದೇನೋ, ಈಗ ಬಲ್ಬಿಗೂ ಶುರು ಮಾಡಿದ್ಯಾ?’

ನಗುವುದಕ್ಕೂ ಒಂದು ಮಿತಿ ಬೇಡವೇ? ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಅವರೇ ಟೇಪು ಹಿಡಿದು ತೋರಿಸಿದರು. ನೀನು ಹೇಳಿದ್ದು ಅಡ್ಡಲಾಗಿ, ಈ ಅಂಚಿನಿಂದ ಆ ಅಂಚಿಗೆ. ನಾನು ಹಿಡಿದದ್ದು ಸುತ್ತಲೂ. ನೀನೇ ಹೇಳು, ಈ ಮನೆಯಲ್ಲಿ ಅಳತೆ ಅಂದರೆ ಏನು? ಸೊಂಟ ಮೂವತ್ತು ಅಂದರೆ ಸುತ್ತ ಮೂವತ್ತು. ಎದೆ ಮೂವತ್ತಾರು ಅಂದರೆ ಸುತ್ತ ಮೂವತ್ತಾರು. ಯಾವ ಗಿರಾಕಿಯನ್ನಾದರೂ ನಾವು ಅಡ್ಡಲಾಗಿ ಅಳೆದಿದ್ದೇವೆಯೇ? ನೀನು ಈ ಮನೆಯಲ್ಲಿ ಬೆಳೆದವಳು. ಅಡ್ಡ ಅಂತ ಎರಡಕ್ಷರ ಸೇರಿಸಲು ನಿನ್ನ ಪೆನ್ನಿನಲ್ಲಿ ಶಾಯಿ ಇರಲಿಲ್ಲವೇ? ಒಂದು ವರ್ಷ ಆಗಿಲ್ಲ, ಆಗಲೇ ಅಳತೆ ಹೇಳುವುದು ಬೇರೆಯವರ ಹಾಗಾಯಿತು.

ಆ ಲೋಟದ ಮುಚ್ಚಳವನ್ನು ಅವರು ಗುಂಡಿ ಡಬ್ಬಿಯ ಮೇಲೆ ಇಟ್ಟುಕೊಂಡಿದ್ದಾರೆ. ‘ಯಾರ್ ಕೇಳಿದ್ರಂತೆ ಇದನ್ನ?’ ಅಂದರು. ‘ನಿಮ್ಮ ತಂಗಿ ಕೋಣೆಗೆ’ ಅಂದೆ. ನಗು ಟಕ್ಕನೆ ನಿಂತಿತು, ಹೊಲಿಯಲು ಹೋದರು.

ಇನ್ನೊಂದು ಸಲ ಮಾಡುತ್ತೇನೆ. ರಜೆಯ ತಾರೀಖು ಬರೆ.

ಅತ್ತಿಗೆ

ಜೂನ್ ೨೯

ಅತ್ತಿಗೆ,

ನಿಮ್ಮ ಲೋಟದ ಮುಚ್ಚಳದ ಸಂಗತಿ ಓದಿ ವಾರ್ಡಿನಲ್ಲೇ ಜೋರಾಗಿ ನಕ್ಕುಬಿಟ್ಟೆ, ಸಿಸ್ಟರ್ ಬೈದರು. ಅಡ್ಡ ಅಂತ ಬರೆಯದಿದ್ದದ್ದು ನನ್ನ ತಪ್ಪೇ.

ಇದನ್ನು ಬರೆದಿಟ್ಟು ಅಂಚೆಗೆ ಹಾಕುವಷ್ಟರಲ್ಲಿ ನಮ್ಮ ಬೀದಿಯ ಗುಂಡಿ ಅಂಗಡಿಯವರು ಸಿಕ್ಕಿದರು. ಮೊಮ್ಮಗಳ ಟಾನ್ಸಿಲ್ ತೆಗೆಸಲು ನಮ್ಮ ಆಸ್ಪತ್ರೆಗೇ ಕರೆತಂದಿದ್ದಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ‘ನಿಮ್ಮಣ್ಣ ಪರವಾಗಿಲ್ಲಮ್ಮ, ಬಟ್ಟೆ ಅಂಚು ಹೊಲಿಯೋಕೆ ಹೊಸ ಓವರ್‌ಲಾಕ್ ಮಿಷನ್ ಹಾಕಿದಾರೆ. ನಿನ್ನ ರೂಮು ಸುಮ್ನೆ ಖಾಲಿ ಬಿದ್ದಿತ್ತಲ್ಲ, ಅಲ್ಲೇ ಇಟ್ಟಿದಾರೆ. ದಿನಾ ಗುರ್ ಅಂತಿರುತ್ತೆ.’

ಕೋಣೆ ಹೇಗಿದೆ ಅಂತ ನಾನು ಕೇಳಿದ್ದೆ. ನೀವು ಲೋಟದ ಕಥೆ ಬರೆದಿರಿ.

ಯಾರಿಗೆ ಅತ್ತಿಗೆ ಆ ಲ್ಯಾಂಪ್ ಶೇಡು? ಓವರ್‌ಲಾಕ್ ಮಿಷನ್ನಿಗೆ ಕಣ್ಣು ಕುಕ್ಕುತ್ತದೆಯೇ?

ಇಲ್ಲಿ ನನಗೆ ಕ್ವಾರ್ಟರ್ಸ್ ಕೊಡುತ್ತೇವೆ ಅನ್ನುತ್ತಿದ್ದಾರೆ. ಬೇಕೋ ಬೇಡವೋ ಅಂತ ಆಗಸ್ಟಿನೊಳಗೆ ಹೇಳಬೇಕು. ಬೇಕು ಅಂದರೆ ಇಲ್ಲಿಯೇ ನೆಲೆಯಾಗಿ ಇರುವವಳು ಅಂತ ಲೆಕ್ಕ, ರಜೆಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಯೋಚಿಸುತ್ತಿದ್ದೆ. ಇನ್ನು ಯೋಚಿಸಬೇಕಾಗಿಲ್ಲ ಅನಿಸುತ್ತದೆ.

ನಿಮ್ಮ ನಾದಿನಿ

ಜುಲೈ ೫

ನಾದಿನಿಯವರಿಗೆ,

ನೀನು ಹಾಗೆ ಸಹಿ ಹಾಕಿದರೆ ನಾನೂ ಹೀಗೆಯೇ ಶುರು ಮಾಡುವುದು.

ಹೌದು, ಮಿಷನ್ ನಿನ್ನ ಕೋಣೆಯಲ್ಲಿದೆ. ಕಿಟಕಿಯ ಕೆಳಗಿದೆ. ನಿನ್ನ ಮಂಚ ಗೋಡೆಗೆ ಆನಿಸಿ ನಿಂತಿದೆ. ಅಂಗಡಿಯ ವೈರು ಸುಟ್ಟು ವಾಸನೆ ಬಂದಿತ್ತು, ಎಲೆಕ್ಟ್ರಿಷಿಯನ್ ಬಂದು, ಈ ಪ್ಲಗ್ಗಿಗೆ ಇನ್ನೊಂದು ಮಿಷನ್ ಹಾಕಿದರೆ ನಾನು ಜವಾಬ್ದಾರನಲ್ಲ ಅಂದ. ನಿನ್ನ ಕೋಣೆಯ ಪ್ಲಗ್ ಗಟ್ಟಿಯಾಗಿತ್ತು. ಇಷ್ಟೇ ಸಂಗತಿ. ಬರೆದರೆ ನೀನು ಬರುವುದಿಲ್ಲ, ಬರೆಯದಿದ್ದರೆ ಹೇಗೋ ನೀನು ಬರುವಷ್ಟರಲ್ಲಿ ಅವರ ಕಾಲು ಹಿಡಿದಾದರೂ ಅದನ್ನು ಆಚೆ ಸಾಗಿಸಿ, ಮಂಚ ಹಾಕಿ, ದೀಪ ಚೆಂದ ಮಾಡಿ ಇಡೋಣ ಅಂತ ನಾನು ಹಗಲುಗನಸು ಕಾಣುತ್ತಿದ್ದೆ. ಗುಂಡಿ ಮಾರುವವನು ಗುಂಡಿ ಮಾರಿಕೊಂಡು ಇರಬಾರದೇ?

ನಿನಗೆ ಗೊತ್ತೇ, ನನಗೆ ಈಗ ಎರಡು ಕಡೆಯಿಂದಲೂ ಬೈಗುಳ. ನೀನು ಸಿಟ್ಟು ಮಾಡಿ ಇಲ್ಲಿಗೆ ಬರೆಯುತ್ತೀಯ, ಓದುವವಳು ನಾನು. ಅವರು ಸಿಟ್ಟು ಮಾಡಿ ಗೋಡೆ ಕಡೆ ನೋಡುತ್ತಾರೆ, ಮಧ್ಯದಲ್ಲಿ ನಿಂತವಳು ನಾನು. ನಾನೇನು ಅಂಚೆ ಪೆಟ್ಟಿಗೆಯೇ? ನಿಮ್ಮಿಬ್ಬರ ಬಾಯಿಗೆ ಕಾಜಾ ಹಾಕಿ ಗುಂಡಿ ಹಚ್ಚಿದವರು ಯಾರು?

ಶೇಡಿನ ಕಥೆಯನ್ನೂ ಕೇಳು, ಬಿಡುವುದಿಲ್ಲ. ಎರಡನೆಯದು ಅಳತೆಗೆ ಸರಿಯಾಗಿ ಬಂತು. ಮೈದಾ ಅಂಟು ಕಾಸಿ ಅಂಟಿಸಿ, ಒಣಗಲಿ ಅಂತ ಇಟ್ಟೆ. ಬೆಳಗಾಗುವಷ್ಟರಲ್ಲಿ ಇರುವೆಗಳು ಸಾಲುಗಟ್ಟಿ ಬಂದು ಅಂಚನ್ನೆಲ್ಲ ತಿಂದು ಹೋಗಿದ್ದವು. ಮೂರನೆಯದಕ್ಕೆ ಅಂಗಡಿ ಅಂಟು ತಂದೆ. ನಿನ್ನ ಕೋಣೆಯ ಬಲ್ಬಿಗೆ ಹಾಕಿ, ಸ್ವಿಚ್ ಒತ್ತಿ, ಒಂದು ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತೆ. ಹೊಗೆ ಬಂದ ಹಾಗೆ ಕಾಣಿಸಿತು. ಈಗ ಅನಿಸುತ್ತದೆ, ಬಹುಶಃ ನನ್ನ ಕನ್ನಡಕದ ಮೇಲಿನ ಆವಿ. ಆಗ ಅಷ್ಟು ಯೋಚಿಸಲು ಯಾರಿಗೆ ಪುರುಸೊತ್ತು? ಬಕೆಟ್ ಎತ್ತಿ ಎರಚಿದೆ. ಶೇಡು ಗಂಜಿಯಾಗಿ ಕೆಳಗೆ ಬಿತ್ತು, ಫ್ಯೂಸು ಹೋಯಿತು, ಓವರ್‌ಲಾಕ್ ಮಿಷನ್ ಮೇಲೆಲ್ಲ ನೀರು. ಎಲೆಕ್ಟ್ರಿಷಿಯನ್ ಮತ್ತೆ ಬಂದ. ‘ಅಮ್ಮಾ, ಇಷ್ಟು ದಿನ ವೈರಿಗೆ ಹೆದರಿ ಬರ್ತಿದ್ದೆ, ಇನ್ಮೇಲೆ ನಿಮಗೆ ಹೆದರಿ ಬರ್ತೀನಿ’ ಅಂದ.

ಅವರು ಒಂದು ಮಾತೂ ಬೈಯಲಿಲ್ಲ. ಮಿಷನ್ ಒರೆಸಿದರು. ಬೈದಿದ್ದರೆ ಚೆನ್ನಾಗಿತ್ತು. ನಿನ್ನ ಕ್ವಾರ್ಟರ್ಸ್ ವಿಷಯವನ್ನು ಅದೇ ಹೊತ್ತಿಗೆ ಹೇಳಿಬಿಟ್ಟೆ, ತಡೆಯಲಾಗಲಿಲ್ಲ.

‘ಕೊಡ್ತಾರಂತಾ?’ ಅಂದರು.

‘ಕೊಡ್ತಾರಂತೆ. ಇನ್ನು ರಜೆಗೂ ಬರಲ್ವಂತೆ.’

‘ಒಳ್ಳೇದಾಯ್ತು. ಗಾಳಿ ಬೆಳಕು ಇರುತ್ತೆ.’

‘ಒಂದು ಸಲ ಬಾ ಅಂತ ಹೇಳ್ರೀ. ನಾನೇ ಬರೀತೀನಿ, ನೀವು ಬಾಯಿಬಿಟ್ಟು ಹೇಳಿ ಸಾಕು.’

‘ಕೆಲಸ ಇದೆ’ ಅಂದರು. ಆವತ್ತು ಸಂಜೆ ಹೆಡ್ಮಿಸ್ಟ್ರೆಸ್ ಮಗನ ಶರ್ಟಿಗೆ ಕಾಲರನ್ನು ತಿರುವುಮುರುವಾಗಿ ಕೂರಿಸಿದರು. ಮೂವತ್ತು ವರ್ಷದ ಟೈಲರು.

ನನಗೆ ಸಾಕಾಗಿದೆ. ಶೇಡೂ ಬೇಡ, ರಜೆಯೂ ಬೇಡ. ನೀನು ಕ್ವಾರ್ಟರ್ಸಿನಲ್ಲಿ ಇರು, ಅವರು ಕಾಲರಿನಲ್ಲಿ ಇರಲಿ. ಇನ್ನು ನಾನು ಬರೆಯುವುದಿಲ್ಲ.

ಅತ್ತಿಗೆ

ಜುಲೈ ೧೩

ಅತ್ತಿಗೆ,

ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಲಿಲ್ಲ ತಾನೇ? ಉರಿಯುವ ಬಲ್ಬಿನ ಮೇಲೆ ನೀರು ಎರಚುವವರುಂಟೇ? ಕರೆಂಟು ಹೊಡೆದಿದ್ದರೆ? ಇನ್ನು ಮೇಲೆ ಹೊಗೆ ಕಂಡರೆ ಮೊದಲು ಮೇನ್ ಸ್ವಿಚ್ ಆರಿಸಿ. ಕನ್ನಡಕವನ್ನೂ ಒರೆಸಿಕೊಳ್ಳಿ.

ಕ್ವಾರ್ಟರ್ಸಿಗೆ ಇನ್ನೂ ಹೂಂ ಅಂದಿಲ್ಲ. ಅಂದರೆ ಬರೆಯುತ್ತೇನೆ.

ಕಿವಿ ಹೇಗಿದೆ?

ಜುಲೈ ೨೪

ಅತ್ತಿಗೆ,

ಪತ್ರ ತಲುಪಿತೇ? ಬರೆಯುವುದಿಲ್ಲ ಅಂದರೆ ನಿಜವಾಗಿಯೂ ಬರೆಯುವುದಿಲ್ಲವೇ? ನಮ್ಮ ಮನೆಯಲ್ಲಿ ಮಾತಿಗೆ ಕಟ್ಟುಬೀಳುವವರು ಅಣ್ಣ ಒಬ್ಬ ಸಾಲದೇ?

ಅಣ್ಣನಿಗೆ ಫೋನ್ ಮಾಡಿದೆ. ಎತ್ತಿದ. ‘ಅತ್ತಿಗೆ ಹೇಗಿದ್ದಾರೆ’ ಅಂದೆ. ‘ಇದಾಳೆ’ ಅಂದ. ಹಿಂದುಗಡೆ ಆ ಮಿಷನ್ ಗುರ್ ಅನ್ನುತ್ತಿತ್ತು. ನನಗೆ ಮೈಯೆಲ್ಲ ಉರಿದು ನಾನೇ ಇಟ್ಟುಬಿಟ್ಟೆ. ಫೋನ್ ಹಿಡಿದುಕೊಂಡೂ ಹೊಲಿಯಬೇಕೇ? ಅಷ್ಟು ಅವಸರದ ಬಟ್ಟೆ ಯಾರದ್ದು?

ಗುಂಡುಸೂಜಿ

ಆಗಸ್ಟ್ ೧

ಗುಂಡುಸೂಜಿಗೆ,

ಇದರ ಜೊತೆ ಒಂದು ಪಾರ್ಸಲ್ ಬರುತ್ತದೆ. ಕುಕ್ಕರಿನ ಡಬ್ಬಿ, ಒಳಗೆ ಕುಕ್ಕರ್ ಇಲ್ಲ, ಲ್ಯಾಂಪ್ ಶೇಡ್ ಇದೆ. ಸುತ್ತ ಚಿಂದಿ ತುಂಬಿದ್ದೇನೆ. ಚಿಂದಿ ಎಸೆಯಬೇಡ, ಒರೆಸಲು ಬರುತ್ತದೆ. ಪಾರ್ಸಲ್ ತೂಗುವವನು ಎತ್ತಿ ನೋಡಿ ‘ಒಳಗೆ ಏನಮ್ಮ, ಗಾಳಿ ಕಳಿಸ್ತಿದ್ದೀರಾ?’ ಅಂದ. ನನಗೆ ಸಿಟ್ಟು ಬಂತು.

ಶೇಡನ್ನು ನಾನೇ ಮಾಡಿದ್ದು. ಪೂರ್ತಿ ನನ್ನ ಕೈಯಾರೆ. ನಿನ್ನ ಅಣ್ಣನಿಗೆ ಇದರ ವಿಷಯವೇ ಗೊತ್ತಿಲ್ಲ, ಅವರು ಮುಟ್ಟಿಯೂ ಇಲ್ಲ.

ನೀನು ಬರುವುದಿಲ್ಲ ಅಂದ ಮೇಲೆ ಅದು ಇಲ್ಲಿ ಯಾರಿಗೆ? ಅಲ್ಲಿಯಾದರೂ ತೂಗಲಿ. ಕ್ವಾರ್ಟರ್ಸಿಗೆ ಒಪ್ಪಿಗೆ ಕೊಟ್ಟೆಯೇ? ಕೊಟ್ಟಿದ್ದರೆ ಒಳ್ಳೆಯದು. ಕೊಡದಿದ್ದರೂ ಒಳ್ಳೆಯದು. ನನಗೆ ಏನೂ ಇಲ್ಲ.

ಹಾಕುವಾಗ ಮೇನ್ ಸ್ವಿಚ್ ಆರಿಸಿಕೋ. ಬಕೆಟ್ ಇಟ್ಟುಕೋ, ಆದರೆ ಎರಚಬೇಡ.

ಅತ್ತಿಗೆ

ಆಗಸ್ಟ್ ೯

ಅತ್ತಿಗೆ,

ಪೂರ್ತಿ ನಿಮ್ಮ ಕೈಯಾರೆ ಮಾಡಿದಿರಾ?

ಹಾಗಾದರೆ ಇದಕ್ಕೆ ಉತ್ತರ ಹೇಳಿ. ನಾನು ಬೀಸಣಿಗೆಯ ಹಾಗೆ ಮಡಿಸಿ ಅಂದಿದ್ದೆ. ಇದರಲ್ಲಿ ನೆರಿಗೆಗಳೆಲ್ಲ ಒಂದೇ ಕಡೆಗೆ ಮಲಗಿವೆ, ಶಾಲೆ ಹುಡುಗಿಯರ ಸ್ಕರ್ಟಿನ ಹಾಗೆ. ಒಂದು ನೆರಿಗೆಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಒಳಗಡೆ ಪ್ರತಿ ನೆರಿಗೆಯ ಬುಡದಲ್ಲಿ ನೀಲಿ ಸೀಮೆಸುಣ್ಣದ ಗುರುತಿದೆ. ನಿಮಗೆ ನೆರಿಗೆ ಹಾಕಲು ಬರುತ್ತದೆಯೇ? ದಿಂಬಿನ ಚೀಲಕ್ಕೆ ನೀವು ಹಾಕಿದ ನೆರಿಗೆ ನೋಡಿ ಅಣ್ಣ ‘ಇದೇನು ನೆರಿಗೆನೋ, ಮುದುಡಿಕೊಂಡಿದ್ದೋ?’ ಅಂದದ್ದು ನನಗೆ ನೆನಪಿದೆ.

ಕಾಗದ ಯಾವುದು? ಹೂವಿನ ಚಿತ್ರ ಎಲ್ಲಿ ಹೋಯಿತು? ಇದು ಅಣ್ಣ ಬಟ್ಟೆಯ ಕಟಿಂಗಿಗೆ ಬೀಗ ಹಾಕಿ ಇಟ್ಟುಕೊಳ್ಳುವ ಕಂದು ಕಾಗದ. ಗಾಳಿಪಟ ಮಾಡಲು ಒಂದು ಹಾಳೆ ಹರಿದೆ ಅಂತ ಅವನು ನನ್ನ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದ. ಒಂದೇ ಕಡೆಯ ನೆರಿಗೆಗೆ ಮೂರು ಪಟ್ಟು ಕಾಗದ ಬೇಕು. ನಿಮಗೆ ಅದರ ಬೀಗದ ಕೈ ಕೊಟ್ಟವರು ಯಾರು?

ಕೊನೆಯದು. ಅಂಚಿಗೆ ಅಂಟು ಎಲ್ಲಿ? ಮೇಲೂ ಕೆಳಗೂ ಓವರ್‌ಲಾಕ್ ಹೊಲಿಗೆ ಇದೆಯಲ್ಲ ಅತ್ತಿಗೆ. ಕಾಗದ ಹರಿಯಬಾರದು ಅಂತ ಹೊಲಿಗೆಯನ್ನು ಉದ್ದಕ್ಕೆ ಬಿಟ್ಟು ಹೊಡೆದಿದ್ದಾರೆ. ನೀವು ಆ ಮಿಷನ್ ಹತ್ತಿರ ಬಕೆಟ್ ಇಲ್ಲದೆ ಹೋಗುವವರೇ ಅಲ್ಲ.

ಫೋನಿನಲ್ಲಿ ಗುರ್ ಅಂದದ್ದು ಯಾರ ಅವಸರದ ಬಟ್ಟೆ ಅಂತ ಈಗ ಗೊತ್ತಾಯಿತು.

ಕೆಳಗಿನ ಅಂಚಿನಲ್ಲಿ ಎಲೆಯಾಕಾರದ ತೂತುಗಳಿವೆ. ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಎಲೆಯೋ ಮೀನೋ ಹೇಳಲಾಗುವುದಿಲ್ಲ. ಅವು ಮಾತ್ರ ನಿಮ್ಮ ಕೈಯದ್ದು, ಒಪ್ಪಿಕೊಂಡೆ.

ಹಾಸ್ಟೆಲಿನಲ್ಲಿ ಹಾಕಿ ನೋಡಿದೆ. ಮೂರು ಪದರದ ಕಂದು ಕಾಗದದಲ್ಲಿ ಬೆಳಕು ಬರುವುದಾದರೂ ಹೇಗೆ? ಬುಡದಲ್ಲಿ ಒಂದು ತಟ್ಟೆಯಷ್ಟು ಬೆಳಕು, ಗೋಡೆಯ ಮೇಲೆ ನಿಮ್ಮ ಎಲೆಗಳು, ಉಳಿದದ್ದೆಲ್ಲ ಕತ್ತಲು. ಪಕ್ಕದ ಮಂಚದವಳು ‘ಸಿನಿಮಾ ಶುರುವಾಗೋದು ಯಾವಾಗ?’ ಅಂದಳು. ಅದೂ ಹೋಗಲಿ, ಇದು ಇಲ್ಲಿ ಕೂರುವುದೂ ಇಲ್ಲ. ಇಲ್ಲಿಯ ಹೋಲ್ಡರ್ ಸಣ್ಣದು, ಪ್ಲಾಸ್ಟಿಕ್ಕಿನದು. ಚಿಕ್ಕ ಬಳೆ ಜಾರಿ ಜಾರಿ ಬೀಳುತ್ತದೆ. ಬ್ಯಾಂಡೇಜು ಸುತ್ತಿ ನಿಲ್ಲಿಸಿದ್ದೇನೆ. ಕತ್ತು ಉಳುಕಿದ ರೋಗಿಯ ಹಾಗೆ ಕಾಣುತ್ತದೆ.

ಅಣ್ಣ ಅಳತೆ ತಪ್ಪುವವನಲ್ಲ. ಯಾವ ಹೋಲ್ಡರಿಗೆ ಅಳತೆ ತೆಗೆದ ಅಂತ ಕೇಳಿ.

ಗುಂಡುಸೂಜಿ

ಆಗಸ್ಟ್ ೧೨

ಗುಂಡುಸೂಜಿ,

ನಿನ್ನ ಪತ್ರ ಬರುವ ಮೊದಲೇ ಇಲ್ಲಿ ದೊಡ್ಡ ರಾಮಾಯಣ ಆಗಿತ್ತು, ಈಗಷ್ಟೇ ನಿನ್ನದನ್ನೂ ಓದಿದೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಸಹಿಸಿಕೋ.

ಸುಳ್ಳು ಬರೆಯಲು ಹೇಳಿದವರು ಅವರೇ. ಮಿಷನ್ ಓಡಿದ್ದು ನನಗೆ ಕೇಳಿಸುತ್ತದೆಯೇ? ಒಂದು ದಿನ ಆ ಶೇಡನ್ನು ತಂದು ನನ್ನ ಮಡಿಲಿಗೆ ಎಸೆದು ‘ತಗೋ, ನಿನ್ನ ಪೀಡೆ ಮುಗೀತು. ನಾನು ಮುಟ್ಟಿದೆ ಅಂತ ಎಲ್ಲೂ ಬರೀಬೇಡ’ ಅಂದರು. ಎಲೆ ಕತ್ತರಿಸಿದ್ದು ಮಾತ್ರ ನಾನು. ಅದು ಮೀನಲ್ಲ, ಎಲೆ. ಒಂದು ಮಾತು ಕೇಳಿ ಕಳಿಸಬೇಕಿತ್ತು. ನಾನು ಕೇಳಲಿಲ್ಲ. ನೀನು ಹೇಗೂ ಬರುವುದಿಲ್ಲ ಅಂತ ನಾನೇ ತೀರ್ಮಾನ ಮಾಡಿ ಡಬ್ಬಿಗೆ ತುಂಬಿ ಕಳಿಸಿಬಿಟ್ಟೆ.

ಮೊನ್ನೆ ನಿನ್ನ ಕೋಣೆಯಲ್ಲಿ ಅವರು ಸ್ಟೂಲು ಎಳೆದಾಡುವುದು ಕಾಣಿಸಿತು. ಹೋಗಿ ನೋಡಿದರೆ ಮಂಚ ಕೆಳಗೆ ಇಳಿದಿದೆ. ಅವರು ಸ್ಟೂಲಿನ ಮೇಲೆ ನಿಂತಿದ್ದಾರೆ, ಹಳೆಯ ಪಿಂಗಾಣಿ ಹೋಲ್ಡರನ್ನು ಒರೆಸಿ ಬೆಳ್ಳಗೆ ಮಾಡಿದ್ದಾರೆ.

‘ಎಲ್ಲಿ ಅದು? ಕೊಡು ಇಲ್ಲಿ’ ಅಂತ ಕೈ ಚಾಚಿದರು.

‘ಯಾವುದು?’

‘ಶೇಡು ಕಣೇ, ಶೇಡು!’

‘ಅದನ್ನ ಆಗಲೇ ಕಳಿಸಿದ್ನಲ್ಲ.’

‘ಎಲ್ಲಿಗೆ?’

‘ಅವಳಿಗೆ.’

ಸ್ಟೂಲಿನಿಂದ ಬೀಳುತ್ತಾರೇನೋ ಅಂತ ನನ್ನ ಜೀವ ಹೋಯಿತು. ನನ್ನ ಬಲಗಿವಿಗೆ ಬಗ್ಗಿ ಅವರು ಕೂಗಿದ್ದು ಮೂರು ಮನೆ ದಾಟಿ ಕೇಳಿರಬೇಕು. ಕಿಟಕಿಯಾಚೆ ಇಸ್ತ್ರಿ ಅಂಗಡಿಯವಳು ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದುಕೊಂಡೇ ನಿಂತಿದ್ದಳು.

‘ಯಾರನ್ನ ಕೇಳಿ ಕಳಿಸಿದೆ? ಅದರ ಕತ್ತಿನ ಅಳತೆ ತೆಗೆದಿದ್ದು ಈ ಹೋಲ್ಡರಿಗೆ! ಇನ್ಯಾವ ಹೋಲ್ಡರಿಗೂ ಅದು ಕೂರಲ್ಲ!’

‘ಅವಳು ಬರಲ್ವಂತಲ್ಲ, ಇಲ್ಲಿ ಯಾರಿಗೆ ಅಂತ...’

‘ವಾಪಸ್ ಬರಬೇಕು ಅದು!’

‘ಸರಿ ರೀ, ಪಾರ್ಸಲ್ ಮಾಡಿ ಕಳಿಸು ಅಂತ ಬರೀತೀನಿ.’

‘ಪಾರ್ಸಲ್ಲಲ್ಲಿ ನೆರಿಗೆ ಮುರಿಯುತ್ತೆ! ಒಂದು ಸಲ ಉಳಿದಿದ್ದೇ ಹೆಚ್ಚು. ಕೈಯಲ್ಲಿ ತರೋಕೆ ಹೇಳು!’

‘ಏನಂದ್ರಿ?’ ಅಂದೆ. ನಿಜವಾಗಿ ಕೇಳಿಸಿತ್ತು. ಆದರೂ ಅಂದೆ.

‘ಕೈಯಲ್ಲಿ! ಅವಳ ಕೈಯಲ್ಲೇ! ತರೋಕೆ ಹೇಳು!’

ಆಮೇಲೆ ಸುತ್ತ ನೋಡಿದರು. ಇಸ್ತ್ರಿ ಅಂಗಡಿಯವಳು ಹಲ್ಲುಬಿಟ್ಟು ನಿಂತಿದ್ದಳು. ಸ್ಟೂಲಿನಿಂದ ಇಳಿದು ಅಂಗಡಿಗೆ ಹೋದವರು ಊಟಕ್ಕೂ ಎದ್ದು ಬರಲಿಲ್ಲ, ತಟ್ಟೆ ಅಲ್ಲಿಗೇ ಕೊಟ್ಟೆ.

ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ, ಒಂದಕ್ಷರ ನನ್ನದಲ್ಲ. ನೀನು ಕೇಳಿದ ‘ಬಾ’ ಅನ್ನುವ ಅಕ್ಷರ ಇದರಲ್ಲಿ ಇಲ್ಲ. ಇದ್ದ ಹಾಗೆ ಇದೆಯೋ ಇಲ್ಲವೋ ನೀನೇ ಓದಿ ನೋಡು, ನನ್ನ ತಲೆ ಓಡುವುದಿಲ್ಲ. ಮಿಷನ್ ಬೇರೆ ಕಡೆ ಇಡಿಸೋಣ ಅಂದರೆ ಅಂಗಡಿಯ ವೈರು ಇನ್ನೂ ಸರಿಯಾಗಿಲ್ಲ, ಎಲೆಕ್ಟ್ರಿಷಿಯನ್ ನನ್ನನ್ನು ಕಂಡರೆ ಬೀದಿ ಬದಲಿಸುತ್ತಾನೆ. ಮಂಚಕ್ಕೂ ಅದಕ್ಕೂ ಮಧ್ಯೆ ಒಂದು ಮೊಳ ಜಾಗ ಇದೆ. ಸಾಲುತ್ತದೋ ಇಲ್ಲವೋ ಅಂತ ಯೋಚನೆ.

ಬರುವುದಾದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ, ಗಾಳಿಗೆ ಶೇಡು ಹಾರಿ ಹೋದೀತು. ಪಕ್ಕದವರು ಅದರ ಮೇಲೆ ಕೂತಾರು. ಮಳೆ ಬಂದರೆ ಕೊಡೆಯನ್ನು ಮೊದಲು ಅದಕ್ಕೆ ಹಿಡಿ, ಆಮೇಲೆ ನಿನಗೆ.

ಅತ್ತಿಗೆ

ಆಗಸ್ಟ್ ೧೬

ಅತ್ತಿಗೆ,

ಇಪ್ಪತ್ತನೇ ತಾರೀಖು ಮಧ್ಯಾಹ್ನದ ಬಸ್ಸು. ಶೇಡು ನನ್ನ ಮಡಿಲಲ್ಲಿ ಇರುತ್ತದೆ.

ಬ್ಯಾಂಡೇಜು ಬಿಚ್ಚುವಾಗ ಕೆಳಗಿನ ಅಂಚಿನಲ್ಲಿ, ನಿಮ್ಮ ಮೀನಿನ ಪಕ್ಕ, ಎರಡು ಹೊಲಿಗೆ ಬಿಟ್ಟುಹೋಯಿತು. ನಾನು ಬಂದ ಮೇಲೆ ಹಾಕಿಕೊಡಬೇಕು ಅಂತ ಅಣ್ಣನಿಗೆ ಹೇಳಿ. ಅದಕ್ಕೆ ಆ ಮಿಷನ್ ಬೇಕಾಗುತ್ತದೆ. ಎಲ್ಲಿದೆಯೋ ಅಲ್ಲೇ ಇರಲಿ.

ಗುಂಡುಸೂಜಿ